ದನಿಯ ಸುಂಕ

ನಮ್ಮ ಊರಿನ ಹೊಳೆ ದಾಟುವುದಕ್ಕೆ ದುಡ್ಡು ಕೊಡುವ ಹಾಗಿಲ್ಲ, ದನಿ ಕೊಡಬೇಕು. ಸುಂಕದ ಕಟ್ಟೆಯ ಗುಮಾಸ್ತ ಒಂದು ಹಿತ್ತಾಳೆ ಕೊಡದ ಬಾಯನ್ನು ನಮ್ಮ ಕಡೆ ತಿರುಗಿಸುತ್ತಾನೆ. ಬಗ್ಗಿ ಅದರೊಳಗೆ ಹೆಸರು ಹೇಳಿದರೆ ದನಿ ಅಲ್ಲೇ ಉಳಿಯುತ್ತದೆ, ನಾವು ದೋಣಿ ಹತ್ತುತ್ತೇವೆ. ಹೊತ್ತು ತುಂಬಿದ ಮೇಲೆ ನಾವು ಎಲ್ಲೇ ಇರಲಿ, ಗಂಟಲಲ್ಲೊಂದು ಸಣ್ಣ ಕೆಮ್ಮು ಬಂದು ದನಿ ಮರಳುತ್ತದೆ. ಹೋಗುವಾಗ ಮಾತ್ರ ಸುಂಕ, ವಾಪಸು ಬರುವುದು ಪುಕ್ಕಟೆ.

ಇದಕ್ಕೆ ತಕ್ಕ ಹಾಗೆ ಎಲ್ಲರೂ ಒಗ್ಗಿಕೊಂಡಿದ್ದಾರೆ. ಆಚೆ ದಡದಲ್ಲಿ ಕೇಸಿರುವ ವಕೀಲರು ಹಿಂದಿನ ದಿನವೇ ದಾಟಿ ನೆಂಟರ ಮನೆಯಲ್ಲಿ ಮಲಗುತ್ತಾರೆ. ಕಟ್ಟೆ ಪಕ್ಕದ ಹೋಟೆಲಿನವನಿಗೆ ಒಂದು ಬೆರಳು ತೋರಿಸಿದರೆ ಕಾಫಿ, ಎರಡು ತೋರಿಸಿದರೆ ಟೀ, ಅಂಗೈ ಅಗಲಿಸಿದರೆ ದೋಸೆ. ಜಗಳ ಮಾಡಿಕೊಂಡ ಗಂಡಹೆಂಡಿರನ್ನು ಹಿರಿಯರು, ಇಬ್ಬರೂ ಒಮ್ಮೆ ಹೊಳೆ ದಾಟಿ ಬನ್ನಿ ಎಂದು ಕಳಿಸುವುದುಂಟು; ಆಚೆ ದಡ ಮುಟ್ಟುವ ಹೊತ್ತಿಗೆ ಅರ್ಧ ಜಗಳ ಕರಗಿರುತ್ತದೆ. ದನಿ ಕೊಟ್ಟವರು ಹಾಳೆಯ ಮೇಲೆ ಬರೆದು ತೋರಿಸುವುದು ಮಾತ್ರ ಮರ್ಯಾದೆಯಲ್ಲ. ಮುಂಬಾಗಿಲಲ್ಲಿ ಕೊಟ್ಟದ್ದನ್ನು ಹಿತ್ತಿಲಲ್ಲಿ ಕಿತ್ತುಕೊಂಡ ಹಾಗೆ ಅದು.

ಸುಂಕಕ್ಕೆ ಎರಡು ದರ. ಬಿಡಿಯಾಗಿ ದಾಟಿದರೆ ಸಲಕ್ಕೆ ಆರು ಗಂಟೆಯ ದನಿ. ವರ್ಷದ ಚೀಟಿ ಮಾಡಿಸಿದರೆ, ಮಾಡಿಸಿದ ದಿನವೇ ಎರಡು ದಿನದ ದನಿಯನ್ನು ಒಟ್ಟಿಗೆ ಕೊಟ್ಟುಬಿಡಬೇಕು. ಆಮೇಲೆ ಆ ವರ್ಷ ಎಷ್ಟು ಸಲ ದಾಟಿದರೂ ಸಲಕ್ಕೆ ಎರಡೇ ಗಂಟೆ.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಂಬತ್ತನೇ ತರಗತಿಗೆ ರೇಖಾತ್ಮಕ ಸಮೀಕರಣ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದಾಟುವ ಸಲಗಳು ಎಕ್ಸ್ ಅಂತ ಇಟ್ಟುಕೊಳ್ಳಿ. ಬಿಡಿಯಾದರೆ ಆರು ಎಕ್ಸ್ ಗಂಟೆ. ಚೀಟಿಯಾದರೆ ಎರಡು ದಿನದ ನಲವತ್ತೆಂಟು, ಅದಕ್ಕೆ ಎರಡು ಎಕ್ಸ್ ಕೂಡಿಸಿ. ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆಯುತ್ತೇನೆ. ಒಂದು ಸೊನ್ನೆಯಿಂದ ಹೊರಟು ಕಡಿದಾಗಿ ಏರುತ್ತದೆ, ಇನ್ನೊಂದು ಮೇಲಿನಿಂದಲೇ ಹೊರಟು ನಿಧಾನಕ್ಕೆ ಏರುತ್ತದೆ. ಹನ್ನೆರಡರ ಹತ್ತಿರ ಎರಡೂ ಕೂಡುತ್ತವೆ. ವರ್ಷಕ್ಕೆ ಹನ್ನೆರಡಕ್ಕಿಂತ ಕಮ್ಮಿ ದಾಟುವವರಿಗೆ ಬಿಡಿ ಲಾಭ, ಹೆಚ್ಚು ದಾಟುವವರಿಗೆ ಚೀಟಿ ಲಾಭ, ಸರಿಯಾಗಿ ಹನ್ನೆರಡಾದರೆ ಎರಡೂ ಒಂದೇ. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮಂದಿರ ಚೀಟಿಯಲ್ಲಿ ತಪ್ಪು ಹುಡುಕುತ್ತಾರೆ. ನನಗೆ ಅದೇ ಸಂತೋಷ.

ನನ್ನ ಅಕ್ಕ ಸರ್ವಮಂಗಳ ಪಕ್ಕದ ಬೀದಿಯಲ್ಲಿದ್ದಾಳೆ. ಭಾವ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು, ಮಗಳು ನೀಲಾಂಬಿಕೆ ಇಬ್ಬರೇ. ನಾನು ಮದುವೆ ಮಾಡಿಕೊಂಡವನಲ್ಲ, ರಾತ್ರಿ ಊಟ ಅಲ್ಲೇ. ನೀಲ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸೀರೆ ಮಾರುವುದೆಂದರೆ ಮಾತಾಡುವುದು, ಮತ್ತು ನೀಲಳಿಗೆ ಮಾತೆಂದರೆ ಉಸಿರು. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಸಾಲದೆ, ಸಂಜೆ ಬಂದು ಕಾಲು ತೊಳೆದುಕೊಳ್ಳುವಾಗಲೇ ಶುರುಮಾಡುತ್ತಿದ್ದಳು. ಯಾವ ಹೆಂಗಸು ಯಾವ ಸೀರೆ ಬಿಚ್ಚಿಸಿದಳು, ಅವಳ ಗಂಡ ಬೆಲೆ ಕೇಳಿ ಹೇಗೆ ಫ್ಯಾನು ನೋಡಿದ, ಮುದುಕಿ ಮೊಮ್ಮಗಳಿಗೆ ಅಂತ ಹೇಳಿ ತನಗೇ ಹೇಗೆ ಕೊಂಡಳು, ಎಲ್ಲವನ್ನೂ ಅವರವರ ದನಿಯಲ್ಲೇ ಆಡಿ ತೋರಿಸುತ್ತಿದ್ದಳು. ಅಕ್ಕ ತರಕಾರಿ ಹೆಚ್ಚುತ್ತ ಕೇಳುತ್ತಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ನಗು ಬಂದಾಗ ಈಳಿಗೆಯಿಂದ ಕೈ ತೆಗೆದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಅಷ್ಟೇ.

ನೀಲಳಿಗೆ ಆಚೆ ದಡದಿಂದ ಸಂಬಂಧ ಬಂತು. ಹುಡುಗ ಶಶಿಶೇಖರ, ಸ್ವಂತ ಕನ್ನಡಕದ ಅಂಗಡಿ. ತಾಯಿ ದಾಕ್ಷಾಯಿಣಮ್ಮ. ಬೇರೆ ಯಾರೂ ಇಲ್ಲ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಮಾತುಕತೆಗೆ ಒಂದು ಭಾನುವಾರ ತಾಯಿ ಮಗ ಮೊದಲ ದೋಣಿಗೇ ಬಂದರು.

ಬಂದವರಿಗೆ ದನಿಯಿಲ್ಲದ ಕಾರಣ ನಮ್ಮಲ್ಲಿ ಮಾತುಕತೆ ಊಟದ ಹೊತ್ತಿಗೆ ಶುರುವಾಗುತ್ತದೆ. ಅಲ್ಲಿಯವರೆಗೆ ಕೂರಿಸಿ ಉಪಚಾರ ಮಾಡುವುದು. ದಾಕ್ಷಾಯಿಣಮ್ಮ ನೆಟ್ಟಗೆ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟದ್ದಕ್ಕೆಲ್ಲ ತಲೆಯಾಡಿಸಿ, ಗೋಡೆಯ ಪಟಗಳನ್ನು ಒಂದೊಂದಾಗಿ ನೋಡಿದರು. ಗಟ್ಟಿ ಹೆಂಗಸು ಅನ್ನಿಸಿತು ನನಗೆ. ಶಶಿ ಮಾತ್ರ ಅಡಿಗೆಮನೆಯ ಬಾಗಿಲ ಕಡೆಗೇ ಕಣ್ಣಿಟ್ಟುಕೊಂಡು ಎರಡು ಸಲ ಕಾಫಿ ಚೆಲ್ಲಿಕೊಂಡ. ಎಲೆ ಹಾಕಿ ಬಡಿಸಿದ ಮೇಲೆ ದಾಕ್ಷಾಯಿಣಮ್ಮನವರಿಗೆ ಕೆಮ್ಮು ಬಂತು. ಎಲ್ಲರೂ ಅವರ ಬಾಯನ್ನೇ ನೋಡಿದೆವು.

"ಒಬ್ಬಟ್ಟಿನ ಸಾರು ಇನ್ನೊಂದು ಸೌಟು ಹಾಕಿ" ಅಂದರು.

ಅಕ್ಕನ ಮುಖ ಅರಳಿತು. ಅಲ್ಲಿಂದ ಮುಂದೆ ಎಲ್ಲ ಸಲೀಸು. ಛತ್ರ, ಅಡಿಗೆಯವರು, ಸೀರೆ, ಯಾವುದಕ್ಕೂ ಅವರು ತಕರಾರು ತೆಗೆಯಲಿಲ್ಲ. ಎಲೆ ಅಡಿಕೆ ಬಂದ ಮೇಲೆ ಉಳಿದದ್ದು ಒಂದೇ ವಿಷಯ, ಹುಡುಗಿಯ ಸುಂಕ. ಮದುವೆಯಾದ ವಾರದೊಳಗೆ ಗಂಡನ ಮನೆಯವರು ಅವರ ಕಡೆಯ ಕಟ್ಟೆಯಲ್ಲಿ ಸೊಸೆಗೆ ವರ್ಷದ ಚೀಟಿ ಮಾಡಿಸಿಕೊಡುವುದು, ಎರಡು ದಿನ ದನಿಯಿಲ್ಲದ ಸೊಸೆಯನ್ನು ಸುಮ್ಮನೆ ಕೂರಿಸಿ ನೋಡಿಕೊಳ್ಳಬಲ್ಲ ಅನುಕೂಲಸ್ಥರ ವಾಡಿಕೆ. ಉಳಿದವರು ಬಿಡಿಯಲ್ಲೇ ಸಾಗಿಸುತ್ತಾರೆ.

"ಚೀಟಿ ಬೇಡ" ಅಂದರು ದಾಕ್ಷಾಯಿಣಮ್ಮ. "ಬಿಡಿ ಸಾಕು. ಯುಗಾದಿ, ಗೌರಿಹಬ್ಬ, ದೀಪಾವಳಿ. ಮಧ್ಯೆ ಇನ್ನೆರಡು ಮೂರು ಸಲ. ಐದಾರು ಸಲಕ್ಕೆ ಯಾರಾದ್ರೂ ಚೀಟಿ ಮಾಡಿಸ್ತಾರಾ?"

ಅಕ್ಕ ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದವಳು ನಿಲ್ಲಿಸಿದಳು. "ಐದಾರೇ ಸಲವಾ? ಹದಿನೈದು ದಿನಕ್ಕೊಂದು ಸಲವಾದ್ರೂ ಬಂದು ಹೋಗ್ತಾಳೆ ಅಂತ ನಾನಿದ್ದೆ."

"ಮೇಷ್ಟ್ರಿದಾರಲ್ಲ, ಅವರೇ ಲೆಕ್ಕ ಹಾಕಿ ಹೇಳಲಿ, ಯಾವುದು ವಾಸಿ ಅಂತ" ಅಂದ ಶಶಿ, ಪಾಪ, ಹೇಗಾದರೂ ಸಮಾಧಾನವಾಗಲಿ ಎಂದು.

ನನಗೆ ಉತ್ಸಾಹ ಬಂತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದು, ಕೂಡುವ ಜಾಗಕ್ಕೆ ಸುತ್ತು ಹಾಕಿ, ಹನ್ನೆರಡು ಅಂದೆ. ಹನ್ನೆರಡರ ಕೆಳಗೆ ಬಿಡಿ, ಮೇಲೆ ಚೀಟಿ. ತಕರಾರು ಮುಗಿಯಿತು ಅಂದುಕೊಂಡೆ. ನಿಜವಾಗಿ ಶುರುವಾದದ್ದು ಆಗ. ಅಲ್ಲಿಯವರೆಗೆ ಯಾವ ದರ ಎಂಬ ಮಾತಿತ್ತು. ಈಗ ಮಗಳು ತಾಯಿಯನ್ನು ನೋಡಲು ಎಷ್ಟು ಸಲ ಬರಬಹುದು ಎಂಬ ಮಾತಾಯಿತು. ದಾಕ್ಷಾಯಿಣಮ್ಮ ಆರನ್ನು ಬಿಡಲಿಲ್ಲ. ಅಕ್ಕ ಇಪ್ಪತ್ತರ ಕೆಳಗೆ ಇಳಿಯಲಿಲ್ಲ. ಶಶಿ ನಡುವೆ ಮೆಲ್ಲಗೆ "ಹತ್ತು..." ಅಂದ. ಇಬ್ಬರೂ ಅವನ ಕಡೆ ತಿರುಗಿದ ರೀತಿಗೆ ಮತ್ತೆ ಬಾಯಿ ತೆರೆಯಲಿಲ್ಲ.

"ಸೊಸೆ ತಾಯಿ ಮನೆಗೆ ಬರೋದಕ್ಕೂ ಲೆಕ್ಕ ಇಡೋ ಮನೆ ಅಂತ ಗೊತ್ತಿರಲಿಲ್ಲ" ಅಂದಳು ಅಕ್ಕ.

"ಲೆಕ್ಕ ಹಾಕಿದ್ದು ನಿಮ್ಮ ತಮ್ಮ" ಅಂದರು ದಾಕ್ಷಾಯಿಣಮ್ಮ, ಎದ್ದು ಸೆರಗು ಹೊದ್ದುಕೊಂಡು. "ಯೋಚನೆ ಮಾಡಿ ಹೇಳಿ ಕಳಿಸ್ತೀವಿ."

ಹೇಳಿ ಕಳಿಸಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ಅಕ್ಕ ನನ್ನನ್ನು ಏನೂ ಅನ್ನಲಿಲ್ಲ, ಊಟಕ್ಕೆ ಎಂದಿನಂತೆ ಬಡಿಸಿದಳು. ನೀಲ ಅಂಗಡಿಗೆ ಹೋಗಿ ಬರುತ್ತಿದ್ದಳು, ಗಿರಾಕಿಗಳ ಸುದ್ದಿ ಹೇಳುತ್ತಿದ್ದಳು. ಆದರೆ ಎಲ್ಲರ ದನಿಯೂ ಒಂದೇ ಥರ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಅವಳು ಶಾಲೆಗೇ ಬಂದಳು. ತರಗತಿ ಖಾಲಿಯಿತ್ತು. ಬಂದವಳೇ ಸೀಮೆಸುಣ್ಣ ತೆಗೆದುಕೊಂಡಳು.

"ಮಾವ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಆದ್ರೆ ಆ ಗಂಟೆಗಳೆಲ್ಲ ಯಾರ ಮನೇಲಿ ಕಳೆಯುತ್ತವೆ ಅಂತ ನೋಡಿದೀರಾ?"

"ಯಾರ ಮನೇಲಿ ಅಂದ್ರೆ?"

"ಬಿಡೀಲಿ ಬಂದ್ರೆ ನಾನು ಬೆಳಿಗ್ಗೆ ಕಟ್ಟೇಲಿ ದನಿ ಕೊಟ್ಟು ಅಮ್ಮನ ಮನೆಗೆ ಬರ್ತೀನಿ. ಆರು ಗಂಟೆ ಮೂಕಿ. ದನಿ ಬರೋ ಹೊತ್ತಿಗೆ ಊಟ ಆಗಿರತ್ತೆ, ಇನ್ನೇನು ಸಂಜೆ ದೋಣಿ. ಅಮ್ಮನಿಗೆ ಸಿಗೋದು ಒಂದೋ ಎರಡೋ ಗಂಟೆ. ಚೀಟಿ ಇದ್ರೆ ಎರಡು ಗಂಟೆ ಸುಮ್ಮನಿದ್ದು, ಸಂಜೇವರೆಗೂ ಮಾತಾಡ್ತೀನಿ. ಅಂದ್ರೆ ಅಮ್ಮನ ಲೆಕ್ಕದಲ್ಲಿ ಬಿಡಿ ಆರು ಎಕ್ಸ್, ಚೀಟಿ ಬರೀ ಎರಡು ಎಕ್ಸ್." ಎರಡು ಗೆರೆ ಎಳೆದಳು. ಎರಡೂ ಸೊನ್ನೆಯಿಂದಲೇ ಹೊರಟು, ಹೋದಷ್ಟೂ ದೂರವಾದವು. "ಇವು ಆಮೇಲೆ ಎಲ್ಲೂ ಕೂಡೋದಿಲ್ಲ. ಅಮ್ಮನಿಗೆ ಹನ್ನೆರಡರ ಲೆಕ್ಕ ಯಾಕೆ ಬೇಕು?"

ನಾನು ಬೆಂಚಿನ ಮೇಲೆ ಕೂತೆ.

"ಅತ್ತೇದು ನೋಡಿ ಈಗ. ಬಿಡಿಯಾದ್ರೆ ಅವರ ಮನೇಲಿ ಸೊನ್ನೆ. ಚೀಟಿಯಾದ್ರೆ ನಲವತ್ತೆಂಟು, ನಾನು ಆರು ಸಲ ಹೋಗ್ಲಿ, ಇಪ್ಪತ್ತು ಸಲ ಹೋಗ್ಲಿ." ಹಲಗೆಯ ಈ ತುದಿಯಿಂದ ಆ ತುದಿಗೆ ಮಟ್ಟವಾದ ಒಂದು ಗೆರೆ ಎಳೆದಳು. "ಅವರ ಗೆರೇಲಿ ಎಕ್ಸೇ ಇಲ್ಲ ಮಾವ. ಹಾಗಿದ್ದ ಮೇಲೆ ಎಷ್ಟು ಸಲ ಅನ್ನೋದಕ್ಕೆ ಯಾಕೆ ಅಷ್ಟು ಜಗಳ ಆಡಿದ್ರು? ಅವರಿಗೆ ಬೇಡವಾಗಿರೋದು ಆ ಎರಡು ದಿನ. ಯಾಕೆ ಅಂತ ನಂಗೆ ಗೊತ್ತಾಗಬೇಕು."

ನನ್ನ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂತು ಪಕ್ಕದವಳ ಜೊತೆ ಮಾತಾಡಿ ಹೊರಗೆ ನಿಲ್ಲಿಸಿಕೊಳ್ಳುತ್ತಿದ್ದ ಹುಡುಗಿ ಇವಳು. ಹೊರಗೆ ನಿಂತೂ ಪಾಠ ಕೇಳಿಸಿಕೊಂಡಿದ್ದಳು ಅಂತಾಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಸ್ವಲ್ಪ ಹೊತ್ತು ಮದುವೆಯ ವಿಷಯವೇ ಮರೆಯಿತು.

ಅಕ್ಕನಿಗೆ ಹೇಳಿಯೇ ಹೊರಟೆವು. "ಹೋಗಿ ಬನ್ನಿ. ನಾನಾಗಿ ನಾನು ಅಲ್ಲಿಗೆ ಬರೋದಿಲ್ಲ" ಅಂದಳು, ಆದರೂ ಒಂದು ಡಬ್ಬಿ ತುಂಬ ಕೋಡುಬಳೆ ಕಟ್ಟಿಕೊಟ್ಟಳು. ಕಟ್ಟೆಯಲ್ಲಿ ನೀಲ ಕೊಡದೊಳಗೆ ತನ್ನ ಹೆಸರು ಹೇಳಿದಳು. ನಾನೂ ಹೇಳಿದೆ. ದೋಣಿಯಲ್ಲಿ ಪಕ್ಕಪಕ್ಕ ಕೂತು, ಆ ಹುಡುಗಿ ಇಷ್ಟು ಸುಮ್ಮನಿರುವುದನ್ನು ನಾನು ಮೊದಲ ಸಲ ನೋಡಿದೆ. ಸುಮ್ಮನಿದ್ದಾಗ ಥೇಟ್ ಅವಳ ಅಮ್ಮ.

ದಾಕ್ಷಾಯಿಣಮ್ಮನ ಮನೆ ಕನ್ನಡಕದ ಅಂಗಡಿಯ ಹಿಂದೆಯೇ. ಶಶಿ ನಮ್ಮನ್ನು ಕಂಡು ಗಿರಾಕಿಯ ಕನ್ನಡಕವನ್ನು ತಾನೇ ಹಾಕಿಕೊಂಡು ಎದ್ದುಬಂದ, ಒಳಗೆ ಕೂರಿಸಿ ಅಂಗಡಿಗೆ ಓಡಿದ. ದಾಕ್ಷಾಯಿಣಮ್ಮ ಡಬ್ಬಿ ತೆಗೆದು ನೋಡಿ, ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. ನಾವಿಬ್ಬರೂ ಮಾತಾಡುವ ಹಾಗಿಲ್ಲ. ಅವರಾದರೂ ಏನಾದರೂ ಅನ್ನಬೇಕಲ್ಲ. ಮೊದಲು ಕೋಡುಬಳೆ ಹದವಾಗಿ ಬಂದಿದೆ ಅಂದರು. ಬೆಣ್ಣೆ ಹಾಕಿದ್ದಾರೋ ಬಿಸಿ ಎಣ್ಣೆಯೋ ಎಂದು ಕೇಳಿ, ಉತ್ತರ ಬರದೆಂದು ನೆನಪಾಗಿ, ಬೆಣ್ಣೆಯೇ ಇರಬೇಕು ಅಂದರು. ಅವರ ಕೈಯ ಕೋಡುಬಳೆ ಯಾಕೆ ಕಲ್ಲಾಗುತ್ತದೆ ಅಂತ ಹೇಳಿದರು. ಹಾಗೇ ಮಾತು ಎಲ್ಲೆಲ್ಲಿಗೋ ಹೋಯಿತು. ಅಡ್ಡ ಮಾತಾಡುವವರು ಇಲ್ಲದಿದ್ದರೆ ಮನುಷ್ಯರು ಎಷ್ಟು ದೂರ ಹೋಗುತ್ತಾರೆ ಎನ್ನುವುದನ್ನು ನಾನು ಅವತ್ತು ಕಂಡೆ.

"ಆವತ್ತು ನಿಮ್ಮ ಮನೇಲಿ ಬಿರುಸಾಗಿ ಆಡಿಬಿಟ್ಟೆ ಮೇಷ್ಟ್ರೇ" ಅಂದರು ಕೊನೆಗೆ, ನನ್ನನ್ನಲ್ಲ, ಲೋಟವನ್ನು ನೋಡುತ್ತ. "ನಾನೂ ಹೊಳೆ ದಾಟಿಯೇ ಮದುವೆಯಾಗಿ ಬಂದೋಳು. ನಿಮ್ಮ ದಡದೋಳೇ. ನಮ್ಮತ್ತೆ ಮಾವ ಅನುಕೂಲಸ್ಥರು. ಬಂದ ಮೂರನೇ ದಿನ ಚೀಟಿ ಮಾಡಿಸಿದ್ರು, ದೊಡ್ಡ ಉಪಕಾರ ಅನ್ನೋ ಹಾಗೆ. ಎರಡು ದಿನ ದನಿಯಿಲ್ಲ. ಹೊಸ ಮನೆ, ನೆಂಟರು ತುಂಬಿದಾರೆ. ನೀರೆಲ್ಲಿದೆ ಅಂತ ಕೇಳೋಹಾಗಿಲ್ಲ, ಉಪ್ಪು ಜಾಸ್ತಿ ಅಂತ ಹೇಳೋಹಾಗಿಲ್ಲ. ಆ ಎರಡು ದಿನದಲ್ಲಿ ಎಲ್ಲರೂ ನನ್ನ ತಲೆ ಮೇಲಿಂದಾನೇ ಮಾತಾಡಿಕೊಳ್ಳೋದು ಅಭ್ಯಾಸ ಮಾಡಿಕೊಂಡ್ರು. ಸೊಸೆ ಬಲು ಸೌಮ್ಯ, ತುಟಿ ಬಿಚ್ಚೋಳಲ್ಲ ಅಂತ ಬೀದಿಗೆಲ್ಲ ಹೇಳಿದ್ರು. ದನಿ ಬಂತು. ಬಂದು ಏನು ಮಾಡೋದು? ನಾನು ಬಾಯಿ ತೆಗೆದ್ರೆ ಎಲ್ಲರಿಗೂ ಆಶ್ಚರ್ಯ. ಆ ಆಶ್ಚರ್ಯ ನೋಡಕ್ಕಾಗದೆ ಸುಮ್ಮನಾದೆ. ಅವರೆಲ್ಲ ಹೋಗಿ, ಯಜಮಾನ್ರೂ ಹೋಗಿ, ಇವತ್ತಿಗೂ ಈ ಮನೇಲಿ ದನಿ ಅನ್ನೋದಿಲ್ಲ. ನನ್ನ ಮಗನೂ ನನ್ನ ಹಾಗೇ. ನೋಡಿದ್ರಲ್ಲ, ಹತ್ತು ಅನ್ನೋದಕ್ಕೆ ಎಷ್ಟು ಹೆದರಿದ."

ನೀಲ ಕುರ್ಚಿ ಬಿಟ್ಟು ನೆಲಕ್ಕೆ, ಅವರ ಹತ್ತಿರಕ್ಕೆ ಬಂದು ಕೂತಳು.

"ನಿನ್ನನ್ನ ನಾನು ಹೇಗೆ ಆರಿಸಿದೆ ಗೊತ್ತೇನಮ್ಮ? ಹೋದ ವರ್ಷ ನಿಮ್ಮಂಗಡಿಗೆ ಸೀರೆಗೆ ಬಂದಿದ್ದೆ. ದನಿ ಕೊಟ್ಟು ಬಂದಿದ್ದೆ. ಬೇರೆ ಅಂಗಡೀಲಿ ಮೂಕರು ಬಂದ್ರೆ ಬೆಲೆ ತೋರಿಸಿ ಸುಮ್ಮನಾಗ್ತಾರೆ. ನೀನು ಒಂದು ಗಂಟೆ ನನ್ನ ಜೊತೆ ಮಾತಾಡಿದೆ. ನಾನು ಹುಬ್ಬು ಎತ್ತಿದ್ರೆ ಅದಕ್ಕೊಂದು ಉತ್ತರ, ತಲೆ ಆಡಿಸಿದ್ರೆ ಅದಕ್ಕೊಂದು. ನಾನೇ ಮಾತಾಡ್ತಿದೀನಿ ಅನ್ನಿಸಿತ್ತು. ಈ ಹುಡುಗೀನ ಮನೆಗೆ ತಂದ್ಕೋಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಅಂಥೋಳನ್ನ ತಂದು, ಬಂದ ವಾರಾನೇ ಕಟ್ಟೇಲಿ ನಿಲ್ಲಿಸಿ ಎರಡು ದಿನ ಮೂಕಿ ಮಾಡಲಾ? ಕಮ್ಮಿ ಸಲ ಅಂದ್ರೆ ಯಾರೂ ಚೀಟಿ ಕೇಳಲ್ಲ ಅಂತ ಐದಾರು ಅಂದೆ. ನೀನು ನಿಮ್ಮಮ್ಮನ ಹತ್ರ ಎಷ್ಟು ಸಲನಾದ್ರೂ ಹೋಗು. ದಿನಾ ಹೋಗು ಬೇಕಾದ್ರೆ. ಮುಂದಿನ ವರ್ಷದಿಂದ ಚೀಟೀನೂ ಮಾಡಿಸ್ಕೋ, ಅಷ್ಟು ಹೊತ್ತಿಗೆ ನಿನ್ನ ದನಿ ಗೋಡೆಗೂ ಗೊತ್ತಾಗಿರತ್ತೆ. ಮೊದಲನೇ ವರ್ಷ ಮಾತ್ರ ಬೇಡ."

ನೀಲ ಅವರ ಕೈ ಹಿಡಿದುಕೊಂಡು ಕೂತಳು. ಕೆಮ್ಮು ಬರುವ ಹೊತ್ತಿಗೆ ದಾಕ್ಷಾಯಿಣಮ್ಮ ಮಾತಾಡಿ ಆಡಿ ಗೋಡೆಗೊರಗಿ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸದೆ ಶಶಿಗೆ ಹೇಳಿ ಹೊರಟೆವು. ಅವನ ಹತ್ತಿರ ನೀಲ ಅಂಗಡಿಯ ಬಾಗಿಲಲ್ಲಿ ಏನು ಮಾತಾಡಿದಳೋ ನಾನು ಕೇಳಿಸಿಕೊಳ್ಳಲಿಲ್ಲ. ಅವನು ನಗುತ್ತಿದ್ದುದು ಮಾತ್ರ ದೋಣಿಯವರೆಗೂ ಕಾಣಿಸಿತು.

ಸಂಜೆ ನೀಲ ಇದನ್ನೆಲ್ಲ ಅಕ್ಕನಿಗೆ ಹೇಳಿದಳು, ದಾಕ್ಷಾಯಿಣಮ್ಮನ ದನಿಯಲ್ಲೇ, ಆದರೆ ಈ ಸಲ ನಗಿಸುವುದಕ್ಕಲ್ಲ. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಮಾತು ಮುಗಿದ ಮೇಲೂ ಸುಮಾರು ಕಾಯಿ ಸುಲಿದಳು.

"ಆ ಚೀಟೀನ ಮದುವೆಯಾದ ಮೇಲೇ ಮಾಡಿಸಬೇಕು ಅಂತ ಏನಾದ್ರೂ ಇದೆಯೇನೋ ರೇವಣ?" ಎಂದು ಕೇಳಿದಳು.

ನಾನು ಯೋಚಿಸಿದೆ. ಕಟ್ಟೆಯ ಫಲಕದಲ್ಲಿ ಹಾಗೆಲ್ಲೂ ಬರೆದಿಲ್ಲ. ಅದು ವಾಡಿಕೆ, ಅಷ್ಟೇ. ಯಾವ ತಾಯಿಯೂ ಮದುವೆಗೆ ಮುಂಚೆ ಮಾಡಿಸುವುದಿಲ್ಲ, ಯಾಕೆಂದರೆ ಮಗಳು ಮನೆಯಲ್ಲಿರುವ ಕೊನೆಯ ದಿನಗಳವು. ನಮ್ಮ ಕಟ್ಟೆಯಲ್ಲಿ ಮಾಡಿಸಿದ ಚೀಟಿ ಆಚೆ ಕಟ್ಟೆಯಲ್ಲೂ ನಡೆಯುತ್ತದೆ. ಮದುವೆ ದೋಣಿಗೆ ಹೇಗೂ ಸುಂಕವಿಲ್ಲ.

"ಇಲ್ಲ" ಅಂದೆ.

"ಹಾಗಾದ್ರೆ ಆ ಎರಡು ದಿನ ನಾನಿಟ್ಕೋತೀನಿ" ಅಂದಳು ಅಕ್ಕ.

ನೀಲ ಅಮ್ಮನ ಕೈಯಿಂದ ಅವರೆಕಾಯಿ ತೆಗೆದು ಕೆಳಗಿಟ್ಟಳು. "ಬೇಡಮ್ಮ. ಬಿಡೀಲೇ ಬರ್ತೀನಿ. ಒಂದು ವರ್ಷ ತಾನೆ."

"ಒಂದು ವರ್ಷ ನೀನು ಬಂದು ಬಂದು ಸುಮ್ಮನೆ ಕೂತು ಹೋದ್ರೆ ನಂಗೆ ಏನು ಸಿಕ್ಕಿತು? ಅವರಿಗೆ ಮಾತಾಡೋ ಸೊಸೆ ಬೇಕು. ಕೊಡೋಣ. ನಂಗೂ ಮಾತಾಡೋ ಮಗಳು ಬೇಕು."

ಮೇಷ್ಟ್ರ ಬುದ್ಧಿ, ನಾನು ಸುಮ್ಮನಿರಲಾರದೆ ಹೇಳಿದೆ, "ಅಕ್ಕ, ಹಾಗೆ ಮಾಡಿದ್ರೆ ನಲವತ್ತೆಂಟೂ ನಿನ್ನ ಪಾಲಿಗೇ ಬಂತು, ಸಲಕ್ಕೆ ಎರಡು ಗಂಟೇನೂ ನಿನ್ನ ಪಾಲಿಗೇ. ನಿಂಗೆ ಮತ್ತೆ ಹನ್ನೆರಡರ ಲೆಕ್ಕ ಬರತ್ತೆ. ಅವಳು ಹನ್ನೆರಡಕ್ಕಿಂತ ಹೆಚ್ಚು ಬಂದ್ರೆ ಮಾತ್ರ ನಿಂಗೆ ಲಾಭ."

ಅಕ್ಕ ಮಗಳ ಮುಖ ನೋಡಿದಳು. "ಬರ್ತಾಳೆ" ಅಂದಳು.

ಮಾರನೆಯ ದಿನ ನಾನೇ ಆಚೆ ದಡಕ್ಕೆ ಹೋಗಿ, ದನಿ ಬರುವವರೆಗೆ ಕಾದು, ದಾಕ್ಷಾಯಿಣಮ್ಮನವರಿಗೆ ವಿಷಯ ಹೇಳಿದೆ. ಅವರು "ನಿಮ್ಮಕ್ಕನಿಗೆ ಏನು ಕೊಟ್ರೆ ಸರಿಹೋಗತ್ತೆ ಮೇಷ್ಟ್ರೇ?" ಎಂದು ಕೇಳಿದರು. ಅಲ್ಲೇ ನಿಂತು ಮುಹೂರ್ತ ಗೊತ್ತುಮಾಡಿದೆವು.

ಮದುವೆಗೆ ಇನ್ನು ಮೂರು ದಿನ ಇದ್ದಾಗ ನೀಲ ಕಟ್ಟೆಗೆ ಹೋಗಿ ಚೀಟಿ ಮಾಡಿಸಿ ಬಂದಳು. ನಾನು ರಜ ಹಾಕಿ ಅಕ್ಕನ ಮನೆಯಲ್ಲೇ ಇದ್ದೆ. ಮನೆ ಬಿಕೋ ಅನ್ನುತ್ತದೆ, ಅಕ್ಕ ಕಣ್ಣೀರು ಹಾಕುತ್ತಾಳೆ, ಯಾರಾದರೂ ಜೊತೆಗಿರಲಿ ಎಂದುಕೊಂಡಿದ್ದೆ. ಮೊದಲ ಬೆಳಿಗ್ಗೆ ಹಾಗೇ ಇತ್ತು. ನೀಲ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತಿದ್ದಳು. ಪಾತ್ರೆಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಊಟವಾದ ಮೇಲೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಅಕ್ಕ ತಾನೇ ತಾನಾಗಿ ಮಾತು ಶುರುಮಾಡಿದಳು.

ನೀಲ ಹುಟ್ಟಿದ ದಿನ ಸೂಲಗಿತ್ತಿ ಏನಂದಳು ಎಂದು ಹೇಳಿದಳು. ಈ ಮನೆಗೆ ಬಂದ ಹೊಸತರಲ್ಲಿ ಒಲೆ ಹೊತ್ತಿಸಲು ಬಾರದೆ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದುದನ್ನು ಹೇಳಿದಳು. ಸತ್ತುಹೋದವರ, ಬಿಟ್ಟುಹೋದವರ ಸುದ್ದಿ ಹೇಳಿದಳು. ಅವಳ ಜೊತೆಯೇ ಬೆಳೆದ ನನಗೆ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಮಾತಾಡುವವರು ಮನೆಯಲ್ಲಿ ಇದ್ದರಲ್ಲ ಎಂದು ಇಷ್ಟು ವರ್ಷ ಇವಳು ಬಾಯಿ ಬಿಟ್ಟಿರಲಿಲ್ಲ. ನೀಲ ಅಮ್ಮನ ಮುಂದೆ ಕೂತು, ಮುಖ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತ ಕೇಳಿದಳು. ಜಡೆ ಮೂರು ಸಲ ಸೊಟ್ಟಗಾಯಿತು.

ಎರಡನೆಯ ದಿನ ಬೆಳಿಗ್ಗೆಯಿಂದಲೇ ಶುರುವಾಯಿತು. ಚಪ್ಪರದವರು ಬಂದರೂ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಭಾವನ ಸುದ್ದಿಗೆ ಬಂದಿದ್ದಳು. ಭಾವ ಟೂರಿಂಗ್ ಟಾಕೀಸಿನಲ್ಲಿ ಟಿಕೆಟು ಹರಿಯುತ್ತಿದ್ದವರು.

"ಹಿಂದಿನ ಸಾಲಲ್ಲಿ ಎರಡು ಕುರ್ಚಿ ಮುರಿದಿವೆ, ಯಾರನ್ನೂ ಕೂರಿಸಬೇಡಿ ಅಂತ ಮ್ಯಾನೇಜರಿಗೆ ಹೇಳಿಟ್ಟಿದ್ರು ನಿಮ್ಮಪ್ಪ. ಮುರಿದೂ ಇಲ್ಲ ಏನಿಲ್ಲ. ಹೊಸ ಸಿನಿಮಾ ಬಂದಾಗೆಲ್ಲ ನನ್ನನ್ನ ಹಿಂದಿನಿಂದ ಕರ್ಕೊಂಡು ಬಂದು ಅಲ್ಲಿ ಕೂರಿಸೋರು. ಆಟ ಶುರುವಾದ ಮೇಲೆ ತಾವೂ ಬಂದು ಪಕ್ಕದಲ್ಲಿ ಕೂರೋರು. ಆರು ತಿಂಗಳು ಹೀಗೇ ನಡೀತು. ಒಂದು ದಿನ ಏನಾಯ್ತು, ಟಾಕೀಸು ತುಂಬಿಹೋಗಿದೆ, ನಾನು ಕೂತಿದೀನಿ. ಇನ್ಸ್‌ಪೆಕ್ಟರು ಬಂದ್ರು. ಎಲ್ಲೂ ಜಾಗ ಇಲ್ಲ. ಮ್ಯಾನೇಜರು ಟಾರ್ಚು ಹಿಡ್ಕೊಂಡು ಅವರನ್ನ ಕರ್ಕೊಂಡು ನೇರವಾಗಿ ನನ್ನ ಕಡೆಗೇ ಬರ್ತಿದಾನೆ..."

ಆಗಲೇ ಬಳೆಗಾರ್ತಿ ಹೊರಗಿನಿಂದ ಕೂಗಿದಳು. ಅಕ್ಕ ಮಾತು ನಿಲ್ಲಿಸಿ, ಮದುಮಗಳಿಗೆ ಹಸಿರು ಬಳೆ ತೊಡಿಸಬೇಕಲ್ಲ ಎಂದು ಸೆರಗು ಸರಿಮಾಡಿಕೊಂಡು ಎದ್ದಳು. ಅಷ್ಟರಲ್ಲಿ ನೀಲಳಿಗೆ ಕೆಮ್ಮು ಬಂತು. ನಾವಿಬ್ಬರೂ ಅವಳ ಕಡೆ ತಿರುಗಿದೆವು. ಎರಡು ದಿನ ಕಟ್ಟಿಟ್ಟ ಮಾತು, ಇನ್ನು ಅಣೆಕಟ್ಟು ಒಡೆದ ಹಾಗೆ ಹರಿಯುತ್ತದೆ ಎಂದು ನಾನು ಗೋಡೆಗೊರಗಿ ಕೂತೆ.

ನೀಲ ಅಮ್ಮನ ಸೆರಗಿನ ತುದಿ ಹಿಡಿದೆಳೆದು ಮತ್ತೆ ಕೂರಿಸಿದಳು.

"ಆಮೇಲೆ?" ಅಂದಳು.